ವೈರ್‌ಲೆಸ್ ಹೆಡ್‌ಫೋನ್‌ನ ಬ್ಯಾಟರಿ ಹೋದರೆ ಹೊಸದೇ ಕೊಳ್ಳಬೇಕೇ? ಬ್ಯಾಟರಿ ಬದಲಿಸಿದರೆ ಕಿವಿಯಲ್ಲೇ ಸ್ಫೋಟವಾಗುತ್ತದೆಯೇ?

ಹಂಪಿ ಬಜಾರ್‌ನಲ್ಲಿ ಬೆಳಿಗ್ಗೆ ಹತ್ತು ನಿಮಿಷ ನಿಂತು ನೋಡಿ. ಗೈಡ್‌ಗಳು, ಆಟೊ ಚಾಲಕರು, ಎಳನೀರು ಮಾರುವವರು, ಹಲವರ ಕುತ್ತಿಗೆಯಲ್ಲಿ ಒಂದು ನೆಕ್‌ಬ್ಯಾಂಡ್ ನೇತಾಡುತ್ತಿರುತ್ತದೆ. ಕೊಂಡ ಹೊಸದರಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ಇಡೀ ದಿನ ಬರುತ್ತದೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಮಧ್ಯಾಹ್ನಕ್ಕೇ 'ಬ್ಯಾಟರಿ ಲೋ' ಎಂಬ ದನಿ ಕೇಳಿಸುತ್ತದೆ. ಆಮೇಲೆ ಅದು ಮೂಲೆ ಸೇರುತ್ತದೆ, ಹೊಸದಕ್ಕೆ ಮತ್ತೆ ದುಡ್ಡು ಹೋಗುತ್ತದೆ.

ಈ ವಿಷಯದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. 'ಲೋಕಲ್ ಅಂಗಡಿಯಲ್ಲಿ ಬ್ಯಾಟರಿ ಹಾಕಿಸಿದರೆ ಕಿವಿಯಲ್ಲೇ ಸ್ಫೋಟ' ಎಂದು ಹೆದರಿಸುವುದು ಒಂದು. 'ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಹಳೆ ಬ್ಯಾಟರಿ ಹೊಸದಾಗುತ್ತದೆ' ಎಂದು ಆಸೆ ಹುಟ್ಟಿಸುವುದು ಇನ್ನೊಂದು. ಇವು ಎಷ್ಟು ನಿಜ? ಬನ್ನಿ, ನೋಡೋಣ.

ಚುಟುಕಾಗಿ ಉತ್ತರ

ನೆಕ್‌ಬ್ಯಾಂಡ್ ಮತ್ತು ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್‌ಗಳಲ್ಲಿ ಸವೆದ ಬ್ಯಾಟರಿಯನ್ನು ಸಾಮಾನ್ಯವಾಗಿ ಬದಲಿಸಬಹುದು. ಪುಟ್ಟ ಇಯರ್‌ಬಡ್‌ಗಳಲ್ಲಿ ಇದು ಕಷ್ಟ, ಬಹಳಷ್ಟು ಸಲ ಲಾಭವೂ ಇಲ್ಲ. ಅಪಾಯ ಇರುವುದು ಅಂಗಡಿ 'ಲೋಕಲ್' ಎಂಬುದರಲ್ಲಲ್ಲ. ತಪ್ಪು ಬ್ಯಾಟರಿ, ತಪ್ಪು ಬೆಸುಗೆ, ತೂತಾದ ಬ್ಯಾಟರಿ, ಈ ಮೂರರಲ್ಲಿ. ಫ್ರೀಜರ್ ಉಪಾಯ ಶುದ್ಧ ಸುಳ್ಳು.

ಬ್ಯಾಟರಿ ಸವೆಯುವುದೇಕೆ?

ಈ ಸಾಧನಗಳ ಒಳಗಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಬಂತು.

ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತವೆ, ಹಾಡು ಕೇಳುವಾಗ ವಾಪಸ್ ಬರುತ್ತವೆ. ಈ ಓಡಾಟದಲ್ಲಿ ಒಳಗೆ ಒಂದು ತೆಳುವಾದ ಪದರ ಬೆಳೆಯುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದಿಲ್ಲವೇ, ಹಾಗೆ. ಆ ಪದರದಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಇಂಥ ಬ್ಯಾಟರಿಗಳು ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜ್‌ಗಳ ನಂತರ ತಮ್ಮ ಮೂಲ ಸಾಮರ್ಥ್ಯದ ಶೇ. 80ರ ಆಸುಪಾಸಿಗೆ ಇಳಿಯುತ್ತವೆ. ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡುವವರಿಗೆ ಅದು ಒಂದರಿಂದ ಒಂದೂವರೆ ವರ್ಷ.

ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಇನ್ನೊಂದು ಕಾರಣ ಸೇರುತ್ತದೆ: ಬಿಸಿಲು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ, ಹಂಪಿಯ ಬಂಡೆಗಳು ಸಂಜೆಯಾದರೂ ಕಾವು ಬಿಡುವುದಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿಯೊಳಗೆ ಸವೆತ ತರುವ ರಾಸಾಯನಿಕ ಕ್ರಿಯೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒಂದು ಅಂದಾಜು ಲೆಕ್ಕ. ಹೆಚ್ಚಿನ ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು ಎಂದು ತಯಾರಕರೇ ಹೇಳುತ್ತಾರೆ. ಬಿಸಿಲಲ್ಲಿ ನಿಂತ ಆಟೊದ ಮುಂಭಾಗ, ಬೈಕಿನ ಡಿಕ್ಕಿ ಈ ಮಿತಿಯನ್ನು ಸುಲಭವಾಗಿ ದಾಟುತ್ತವೆ. ಅಲ್ಲಿ ಹೆಡ್‌ಫೋನ್ ಇಡಬೇಡಿ, ಚಾರ್ಜ್‌ಗಂತೂ ಹಾಕಲೇಬೇಡಿ.

ಕೆಟ್ಟಿರುವುದು ಬ್ಯಾಟರಿಯೇ? ಮೊದಲು ಖಾತ್ರಿ ಮಾಡಿಕೊಳ್ಳಿ

• ಪೂರ್ತಿ ಚಾರ್ಜ್ ಆಗಿ, ಸ್ವಲ್ಪ ಹೊತ್ತಿಗೇ ಆಫ್ ಆಗುತ್ತಿದ್ದರೆ ಬ್ಯಾಟರಿ ಸವೆದಿರುವ ಸಾಧ್ಯತೆ ಹೆಚ್ಚು.

• ಚಾರ್ಜಿಂಗ್ ದೀಪವೇ ಹತ್ತದಿದ್ದರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಬೆವರು, ದೂಳು ಸೇರಿ ಚಾರ್ಜಿಂಗ್ ತೂತು ಹಾಳಾಗಿರಬಹುದು. ಸಂಡೂರಿನ ಕೆಂಪು ದೂಳಿನಲ್ಲಿ ಓಡಾಡುವವರು ಇದನ್ನು ಮರೆಯಬಾರದು.

• ಇಯರ್‌ಬಡ್ ಆಗಿದ್ದರೆ ಡಬ್ಬಿಯನ್ನು ಚಾರ್ಜರ್‌ಗೆ ಹಾಕಿಟ್ಟೇ ಬಡ್‌ಗಳನ್ನು ಚಾರ್ಜ್ ಮಾಡಿ. ಆಗ ಅವು ಮೊದಲಿನಷ್ಟೇ ಹೊತ್ತು ನಡೆದರೆ ಸವೆದಿರುವುದು ಡಬ್ಬಿಯ ಬ್ಯಾಟರಿ, ಬಡ್‌ನದ್ದಲ್ಲ.

• ಹೆಡ್‌ಫೋನ್‌ನ ಮೈ ಉಬ್ಬಿದ್ದರೆ, ಜೋಡಣೆ ಬಿಟ್ಟುಕೊಂಡಿದ್ದರೆ, ಸಿಹಿಯಾದ ಔಷಧಿಯಂಥ ವಾಸನೆ ಬಂದರೆ ಪರೀಕ್ಷೆ ಬೇಡ. ಚಾರ್ಜ್ ಮಾಡುವುದನ್ನು ಆಗಲೇ ನಿಲ್ಲಿಸಿ.

ಇನ್ನೊಂದು ಮಾತು. ಬಿಲ್ ಹುಡುಕಿ, ವಾರಂಟಿ ಇದೆಯೇ ನೋಡಿ. ವಾರಂಟಿ ಇರುವಾಗ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಿದರೆ ಹಲವು ಕಂಪನಿಗಳು ಆಮೇಲೆ ಕೈ ಎತ್ತುತ್ತವೆ.

ಯಾವುದರ ಬ್ಯಾಟರಿ ಬದಲಿಸಬಹುದು?

*ನೆಕ್‌ಬ್ಯಾಂಡ್:* ಕುತ್ತಿಗೆಯ ಎರಡು ತುದಿಯ ದಪ್ಪ ಭಾಗಗಳಲ್ಲಿ ಒಂದರೊಳಗೆ ಬೆಳ್ಳಿ ಬಣ್ಣದ ಚಪ್ಪಟೆ ಚೀಲದಂಥ ಬ್ಯಾಟರಿ ಇರುತ್ತದೆ. ಕೆಂಪು ಮತ್ತು ಕಪ್ಪು ತಂತಿಗಳಿರುತ್ತವೆ, ಕೆಲವದರಲ್ಲಿ ಉಷ್ಣತೆ ಅಳೆಯಲು ಮೂರನೆಯ ತಂತಿಯೂ ಇರುತ್ತದೆ. ಬೆಸುಗೆ ಬಲ್ಲ ಮೊಬೈಲ್ ರಿಪೇರಿಯವರಿಗೆ ಇದು ಕೈಗೆ ಎಟುಕುವ ಕೆಲಸ.

*ಕಿವಿ ಮುಚ್ಚುವ ಹೆಡ್‌ಫೋನ್:* ಸಾಮಾನ್ಯವಾಗಿ ಕಿವಿಯ ಮೆತ್ತೆ ತೆಗೆದರೆ ಕೆಳಗೆ ಸ್ಕ್ರೂಗಳು ಸಿಗುತ್ತವೆ. ಮೂರೂ ಬಗೆಗಳಲ್ಲಿ ಇದೇ ಸುಲಭ.

*ಇಯರ್‌ಬಡ್:* ಗುಂಡಿಯಾಕಾರದ ಪುಟ್ಟ ಬ್ಯಾಟರಿ, ಸುತ್ತ ಅಂಟು. ಬಿಚ್ಚಿದರೆ ಮೈ ಒಡೆಯುವುದೇ ಹೆಚ್ಚು, ನೀರು ತಡೆಯುವ ಗುಣವಂತೂ ಹೋಗುತ್ತದೆ. ಡಬ್ಬಿಯ ಬ್ಯಾಟರಿ ಮಾತ್ರ ಬದಲಿಸುವುದು ಅಷ್ಟು ಕಷ್ಟವಲ್ಲ.

ಅಂಗಡಿಯಲ್ಲಿ ನಾವು ಕಂಡಿದ್ದು

ಈ ಲೇಖನಕ್ಕಾಗಿ ನಮ್ಮ ತಂಡದ ಒಬ್ಬರ ಹಳೆ ನೆಕ್‌ಬ್ಯಾಂಡ್ ಹಿಡಿದು ಹೊಸಪೇಟೆಯ ಎರಡು ಅಂಗಡಿಗಳಿಗೆ ಹೋದೆವು. ಮೊದಲ ಅಂಗಡಿಯಲ್ಲಿ, 'ಯಾವುದಾದ್ರೂ ನಡೀತದ್ರಿ, ಇದು 1000 ಎಂಎಎಚ್ ಐತಿ, ಎರಡು ದಿನ ಬರ್ತದ' ಎಂದು ಹೆಸರು, ಗುರುತು ಇಲ್ಲದ ಬ್ಯಾಟರಿ ತೋರಿಸಿದರು. ಬೆರಳ ತುದಿಯಷ್ಟಿದ್ದ ಆ ಬ್ಯಾಟರಿಯಲ್ಲಿ ಅಷ್ಟು ಶಕ್ತಿ ಹಿಡಿಯಲು ಸಾಧ್ಯವೇ ಇಲ್ಲ. ನಾವು ವಾಪಸ್ ಬಂದೆವು.

ಎರಡನೆಯ ಅಂಗಡಿಯವರು ಮೊದಲು ನೆಕ್‌ಬ್ಯಾಂಡ್ ಬಿಚ್ಚಿ, ಮಲ್ಟಿಮೀಟರ್ ಇಟ್ಟು, ಹಳೆ ಬ್ಯಾಟರಿಯ ಮೇಲಿನ ಅಕ್ಷರ ಓದಿದರು. 'ಇದರದ್ದೇ ಅಳತಿ ಬೇಕ್ರಿ, ನಾಳಿ ಬರ್ರಿ' ಎಂದರು. ಮರುದಿನ ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಖರ್ಚು ಹೊಸ ನೆಕ್‌ಬ್ಯಾಂಡ್‌ನ ಬೆಲೆಯ ಕಾಲು ಭಾಗಕ್ಕಿಂತ ಕಡಿಮೆ.

ಎರಡೂ ಲೋಕಲ್ ಅಂಗಡಿಗಳೇ. ವ್ಯತ್ಯಾಸ ಇದ್ದದ್ದು ಕೆಲಸದ ರೀತಿಯಲ್ಲಿ. ನೀವು ನೋಡಬೇಕಾದದ್ದು ಇಷ್ಟು:

1. ಅಳತೆ. ಚೀಲದ ಬ್ಯಾಟರಿಯ ಮೇಲೆ ಆರು ಅಂಕಿ ಇರುತ್ತದೆ. 401230 ಎಂದಿದ್ದರೆ 4.0 ಮಿ.ಮೀ. ದಪ್ಪ, 12 ಮಿ.ಮೀ. ಅಗಲ, 30 ಮಿ.ಮೀ. ಉದ್ದ. ಈ ಗಾತ್ರದಲ್ಲಿ ನಿಜವಾಗಿ ಸಿಗುವುದು ಸುಮಾರು 100ರಿಂದ 150 ಎಂಎಎಚ್. 1000 ಎಂದು ಬರೆದಿದ್ದರೆ ಅದು ಸುಳ್ಳು. ದಪ್ಪನೆಯದನ್ನು ಒತ್ತಿ ತುರುಕಿಸಲು ಬಿಡಬೇಡಿ.

2. ವೋಲ್ಟ್. ಸಾಮಾನ್ಯ ಬ್ಯಾಟರಿ 3.7 ವೋಲ್ಟ್‌ನದು, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಕೆಲವು ಸಾಧನಗಳಲ್ಲಿ 3.8 ಅಥವಾ 3.85 ವೋಲ್ಟ್‌ನ ಬ್ಯಾಟರಿ ಇದ್ದು, ಅವು 4.35 ವೋಲ್ಟ್ ಅಥವಾ ಅದಕ್ಕಿಂತ ತುಸು ಮೇಲಿನವರೆಗೆ ಚಾರ್ಜ್ ಆಗುತ್ತವೆ. ಅಂಥ ಸಾಧನಕ್ಕೆ 3.7ರದ್ದನ್ನು ಹಾಕಿದರೆ ಅದು ಮಿತಿ ಮೀರಿ ಚಾರ್ಜ್ ಆಗುತ್ತದೆ. ನಿಜವಾದ ಅಪಾಯ ಇದು.

3. ರಕ್ಷಣಾ ಸರ್ಕ್ಯೂಟ್. ತಂತಿ ಹೊರಡುವ ತುದಿಯಲ್ಲಿ ಹಳದಿ ಟೇಪ್ ಕೆಳಗೆ ಒಂದು ಪುಟ್ಟ ಪಟ್ಟಿ ಇರುತ್ತದೆ. ಅತಿ ಚಾರ್ಜ್, ಶಾರ್ಟ್ ಆದಾಗ ಬ್ಯಾಟರಿಯನ್ನು ಕಡಿತಗೊಳಿಸುವುದು ಅದೇ. ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಬೇಕು.

4. ಗುರುತು. ಭಾರತದಲ್ಲಿ ಮಾರುವ ಇಂಥ ಬ್ಯಾಟರಿಗಳು ಐಎಸ್ 16046 ಮಾನದಂಡದಡಿ ಭಾರತೀಯ ಮಾನಕ ಬ್ಯೂರೊದಲ್ಲಿ ನೋಂದಣಿ ಆಗಿರಬೇಕು. ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಬ್ಯಾಟರಿಯ ಮೇಲೋ ಪೊಟ್ಟಣದ ಮೇಲೋ ಇದೆಯೇ ನೋಡಿ.

5. ಕೈ. ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಲೋಹವೇ ಶಾರ್ಟ್ ಮಾಡುತ್ತದೆ. ಒಂದೊಂದಾಗಿ ಕತ್ತರಿಸಿ, ತುದಿಗೆ ಟೇಪ್ ಸುತ್ತುವವರು ಕೆಲಸ ಬಲ್ಲವರು. ಬ್ಯಾಟರಿಯನ್ನು ಚೂಪಾದ ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸುವವರ ಕೈಗೆ ಕೊಡಬೇಡಿ.

ಹಾಗಾದರೆ ಸ್ಫೋಟದ ಸುದ್ದಿಗಳು?

ಅಂಥ ಘಟನೆಗಳು ನಡೆದಿವೆ, ಆದರೆ ಅಪರೂಪ. 2017ರ ಫೆಬ್ರವರಿಯಲ್ಲಿ ಬೀಜಿಂಗ್‌ನಿಂದ ಮೆಲ್ಬರ್ನ್‌ಗೆ ಹೊರಟ ವಿಮಾನದಲ್ಲಿ ಪ್ರಯಾಣಿಕರೊಬ್ಬರ ಬ್ಯಾಟರಿ ಚಾಲಿತ ಹೆಡ್‌ಫೋನ್‌ಗೆ ಬೆಂಕಿ ಹತ್ತಿ ಮುಖ, ಕುತ್ತಿಗೆ, ಕೈಗೆ ಸುಟ್ಟ ಗಾಯಗಳಾದವು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಈ ಘಟನೆಯನ್ನು ದಾಖಲಿಸಿದೆ. 2021ರ ಆಗಸ್ಟ್‌ನಲ್ಲಿ ರಾಜಸ್ಥಾನದ ಜೈಪುರ ಜಿಲ್ಲೆಯಲ್ಲಿ ಯುವಕನೊಬ್ಬ ಬ್ಲೂಟೂತ್ ಹೆಡ್‌ಫೋನ್ ಸ್ಫೋಟದಲ್ಲಿ ಮೃತಪಟ್ಟ ಸುದ್ದಿ ಬಂತು. ಚಾರ್ಜ್‌ಗೆ ಹಾಕಿಕೊಂಡೇ ಬಳಸುತ್ತಿದ್ದರು ಎಂದು ವರದಿಗಳು ಹೇಳಿದವು. ಪಾಠ ಸರಳ: ಚಾರ್ಜ್ ಆಗುತ್ತಿರುವ ಹೆಡ್‌ಫೋನನ್ನು ಕಿವಿಗೆ ಹಾಕಬೇಡಿ, ಬ್ಯಾಟರಿ ಹೊಸದಿರಲಿ ಹಳೆಯದಿರಲಿ.

ಆದರೆ 'ಸ್ಫೋಟ' ಎಂದ ತಕ್ಷಣ ನಂಬಿ ಹಂಚುವುದೂ ತಪ್ಪು. 2024ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಇಳಕಲ್‌ನಲ್ಲಿ ಹೇರ್ ಡ್ರೈಯರ್ ಸ್ಫೋಟಗೊಂಡು ಮಹಿಳೆಯೊಬ್ಬರು ಕೈಗಳನ್ನೇ ಕಳೆದುಕೊಂಡ ಸುದ್ದಿ ಎಲ್ಲೆಡೆ ಹರಡಿತು. ಎಲ್ಲರೂ ಯಂತ್ರವನ್ನು ದೂರಿದರು. ತನಿಖೆ ನಡೆಸಿದ ಪೊಲೀಸರು ಅದರೊಳಗೆ ಡಿಟೋನೇಟರ್ ಇಡಲಾಗಿತ್ತು ಎಂದು ತಿಳಿಸಿದರು. ಮೊದಲ ದಿನದ ಫಾರ್ವರ್ಡ್ ಒಂದು ಹೇಳಿತು, ತನಿಖೆ ಇನ್ನೊಂದು ಹೇಳಿತು.

ಫಾರ್ವರ್ಡ್‌ಗಳಲ್ಲಿ ಬರುವ ಇತರ ಮಾತುಗಳು

*'ಫ್ರೀಜರ್‌ನಲ್ಲಿ ಇಟ್ಟರೆ ಬ್ಯಾಟರಿ ಹೊಸದಾಗುತ್ತದೆ.'* ಸುಳ್ಳು. ತಂಪು ಸವೆತವನ್ನು ನಿಧಾನ ಮಾಡಬಹುದು, ಸವೆದದ್ದನ್ನು ವಾಪಸ್ ತರುವುದಿಲ್ಲ. ಹೊರಗೆ ತೆಗೆದಾಗ ಒಳಗೆಲ್ಲ ನೀರಿನ ಹನಿ ಕೂತು ಉಳಿದ ಸರ್ಕ್ಯೂಟೂ ಹಾಳಾಗುತ್ತದೆ.

*'ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು.'* ಇದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂಗೆ ಇದು ಒಳ್ಳೆಯದಲ್ಲ. ಶೇ. 20ರ ಹತ್ತಿರ ಬಂದಾಗ ಚಾರ್ಜ್‌ಗೆ ಹಾಕಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಇಡಿ.

*'ಹೊಸ ಬ್ಯಾಟರಿಯನ್ನು ಮೊದಲ ಸಲ ಎಂಟು ತಾಸು ಚಾರ್ಜ್ ಮಾಡಿ.'* ಬೇಕಿಲ್ಲ. ತುಂಬಿದ ಮೇಲೆ ಸರ್ಕ್ಯೂಟೇ ನಿಲ್ಲಿಸುತ್ತದೆ. ಬ್ಯಾಟರಿ ಬದಲಿಸಿದ ಮೇಲಿನ ಮೊದಲ ಚಾರ್ಜನ್ನು ಮಾತ್ರ ಕಣ್ಣೆದುರೇ, ಹಾಸಿಗೆ, ಬಟ್ಟೆಯಿಂದ ದೂರ ಮಾಡಿ. ಮುಟ್ಟಲಾಗದಷ್ಟು ಬಿಸಿಯಾದರೆ ತೆಗೆದುಬಿಡಿ.

*'ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ.'* ಅತ್ಯಂತ ಅಪಾಯಕಾರಿ. ಒಳಗಿರುವುದು ಬೆಂಕಿ ಹತ್ತುವ ಅನಿಲ. ಚುಚ್ಚಿದರೆ ಒಳಗಿನ ಪದರಗಳು ಶಾರ್ಟ್ ಆಗಿ ಕ್ಷಣದಲ್ಲಿ ಉರಿಯಬಹುದು.

*'ಲಿಥಿಯಂ ಬೆಂಕಿಗೆ ನೀರು ಹಾಕಲೇಬಾರದು.'* ಹೆಡ್‌ಫೋನ್‌ನಂಥ ಸಣ್ಣ ಬ್ಯಾಟರಿಗೆ ಇದು ಸರಿಯಲ್ಲ. ಪ್ಲಗ್ ಸ್ವಿಚ್ ಆಫ್ ಮಾಡಿ ಧಾರಾಳವಾಗಿ ನೀರು ಹಾಕಿ, ಅದು ಬ್ಯಾಟರಿಯನ್ನು ತಂಪಾಗಿಸುತ್ತದೆ. ಮೇಲೆ ಹೇಳಿದ ವಿಮಾನದಲ್ಲೂ ಸಿಬ್ಬಂದಿ ಬಕೆಟ್ ನೀರನ್ನೇ ಸುರಿದರು. ಹೊಗೆ ಮಾತ್ರ ಕುಡಿಯಬೇಡಿ.

*'ವಾಚಿನ ಸೆಲ್ ಹಾಕಿದರೂ ಇಯರ್‌ಬಡ್ ನಡೆಯುತ್ತದೆ.'* ಬೇಡ. ಸಿಆರ್2032ರಂಥ ಸೆಲ್‌ಗಳು ಚಾರ್ಜ್ ಮಾಡಲು ಮಾಡಿದವಲ್ಲ. ಚಾರ್ಜ್ ಮಾಡಿದರೆ ಸೋರಬಹುದು, ಸಿಡಿಯಬಹುದು.

ಹಳೆ ಬ್ಯಾಟರಿ ಏನು ಮಾಡಬೇಕು?

ಕಸದ ಬುಟ್ಟಿಗೆ ಎಸೆಯಬೇಡಿ. ಕಸದ ಗಾಡಿಯಲ್ಲಿ ಒತ್ತಿದಾಗ, ರಸ್ತೆ ಬದಿ ಕಸ ಸುಡುವಾಗ ಅದು ಹೊತ್ತಿಕೊಳ್ಳುತ್ತದೆ. ತಂತಿಯ ತುದಿಗಳಿಗೆ ಟೇಪ್ ಸುತ್ತಿ ಬೇರೆಯಾಗಿ ಇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಬ್ಯಾಟರಿ ಹಾಕಿಸಿದ ಅಂಗಡಿಯಲ್ಲಿ ಅಥವಾ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಕೊಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಎಚ್ಚರ. ಗುಂಡಿ ಸೆಲ್ ನುಂಗಿದರೆ ಎರಡು ತಾಸಿನೊಳಗೇ ಅನ್ನನಾಳ ತೀವ್ರವಾಗಿ ಸುಡಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕಂಪನಿಗಳಿಗೂ ಒಂದು ಪ್ರಶ್ನೆ

ಸ್ಕ್ರೂ ಹಾಕುವ ಜಾಗದಲ್ಲಿ ಅಂಟು ಹಾಕಿದ್ದರಿಂದಲೇ ಈ ರಿಪೇರಿ ಕಷ್ಟವಾಗಿದೆ. ಯುರೋಪ್ ಒಕ್ಕೂಟದ 2023ರ ಬ್ಯಾಟರಿ ಕಾನೂನಿನಂತೆ 2027ರ ಫೆಬ್ರವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು, ಕೆಲವು ವಿನಾಯಿತಿಗಳನ್ನು ಬಿಟ್ಟರೆ. ಫೇರ್‌ಫೋನ್ ಎಂಬ ಕಂಪನಿ 2024ರಲ್ಲೇ ಬ್ಯಾಟರಿ ಬದಲಿಸಬಹುದಾದ ಇಯರ್‌ಬಡ್ ತಂದಿದೆ. ಅಂದರೆ ಇದು ಆಗದ ಕೆಲಸವಲ್ಲ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದೆ. ವಾರಂಟಿ ಇದ್ದೂ ಸೇವೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಯದಾಗಿ

ಬ್ಯಾಟರಿ ಸವೆದರೆ ಹೆಡ್‌ಫೋನ್ ಸತ್ತಂತಲ್ಲ. ಸ್ಪೀಕರ್, ಮೈಕ್, ಬಟನ್ ಎಲ್ಲ ಸರಿಯಿದ್ದು, ಬ್ಯಾಟರಿ ಮತ್ತು ಕೂಲಿ ಸೇರಿ ಹೊಸದರ ಅರ್ಧ ಬೆಲೆಗಿಂತ ಕಡಿಮೆಯಾದರೆ ಬದಲಿಸುವುದೇ ಲೇಸು. ಸರಿಯಾದ ಅಳತೆ, ಸರಿಯಾದ ವೋಲ್ಟ್, ಬಲ್ಲವರ ಕೈ, ಈ ಮೂರು ಇದ್ದರೆ ಹೆದರಬೇಕಿಲ್ಲ. ಆದ್ದರಿಂದ 'ಲೋಕಲ್ ಬ್ಯಾಟರಿ ಹಾಕಿಸಿದರೆ ಸ್ಫೋಟ' ಎಂಬ ಸಂದೇಶ ಅರ್ಧ ಸತ್ಯ. 'ಫ್ರೀಜರ್‌ನಲ್ಲಿ ಇಟ್ಟರೆ ಹೊಸದಾಗುತ್ತದೆ' ಎಂಬುದು ಸುಳ್ಳು. ಮುಂದಿನ ಸಲ ಈ ಸಂದೇಶಗಳು ನಿಮ್ಮ ಗ್ರೂಪ್‌ಗೆ ಬಂದರೆ, ಮುಂದೆ ಕಳಿಸುವ ಮೊದಲು ಈ ಲೇಖನ ಕಳಿಸಿ.