ಕುದುರೆಯ ನಡೆಯೂ ವೇಗದ ಆಟವೂ

ಕೆದಂಬಾಡಿಯ ಅಡಕೆತೋಟದ ನಡುವೆ ಕುಳಿತು, ಅಂತರ್ಜಾಲದಲ್ಲಿ ದೂರದೇಶದ ಎದುರಾಳಿಯೊಡನೆ ಮೂರು ನಿಮಿಷದ ಬ್ಲಿಟ್ಜ್ ಚದುರಂಗವಾಡುವ ಅನುಭವಿಯು, ತನ್ನ ಆಟ ಇನ್ನೂ ಹರಿತಗೊಳ್ಳಬೇಕೆಂದು ಹಂಬಲಿಸಿದಾಗ ಮೊದಲು ನೆನೆಯಬೇಕಾದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868).

ಚದುರಂಗವು ಕನ್ನಡನಾಡಿಗೆ ಹೊಸತಲ್ಲ. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೇ ಅದನ್ನು ರಾಜವಿನೋದಗಳಲ್ಲಿ ಎಣಿಸಿದೆ. ಆದರೆ 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿದ ಬಳಿಕ ಮಣೆಯಾಟಗಳ ಶಾಸ್ತ್ರದಲ್ಲಿ ಮುಮ್ಮಡಿಯವರು ತೋರಿದ ಏಕಾಗ್ರತೆ ಅನ್ಯತ್ರ ದುರ್ಲಭವೆಂದೇ ನನ್ನ ಎಣಿಕೆ. ಕುದುರೆಯು ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟಿ ಮಣೆಯನ್ನೆಲ್ಲ ಸುತ್ತಿಬರುವ ತುರಗಗತಿಯನ್ನು ಅವರು ಬಗೆಬಗೆಯಾಗಿ ರಚಿಸಿದರು; ಅವುಗಳಲ್ಲೊಂದು 144 ಮನೆಗಳ ಮಣೆಯದು, ಹೆಜ್ಜೆಗಳ ಅಂಕಗಳನ್ನು ಅಡ್ಡಸಾಲಿನಲ್ಲಿ ಕೂಡಿದರೂ ಉದ್ದಸಾಲಿನಲ್ಲಿ ಕೂಡಿದರೂ 870 ಬರುವಂಥದು.

ಇದು ಬರಿಯ ಗಣಿತವಿನೋದವಲ್ಲ. ಸಾಧಾರಣ ಮಣೆಯ ಮೂಲೆಯಲ್ಲಿ ನಿಂತ ಕುದುರೆಗೆ 2 ಮನೆಗಳು ಮಾತ್ರ ದೊರೆತರೆ ಮಧ್ಯದಲ್ಲಿ ನಿಂತುದಕ್ಕೆ 8 ದೊರೆಯುತ್ತವೆ; ಈ ಭೇದವನ್ನು ಎಣಿಸದೆಯೇ ಕಾಣಬಲ್ಲ ಕಣ್ಣು, ಗಡಿಯಾರ ಓಡುತ್ತಿರುವಾಗ ಕೈಗೆ ಅಮೂಲ್ಯ ಕ್ಷಣಗಳನ್ನು ಉಳಿಸಿಕೊಡುತ್ತದೆ. ಆಟಕ್ಕೆ ಜೋಡಿ ಗಡಿಯಾರ ಬಂದದ್ದು 1883ರ ಲಂಡನ್ ಪಂದ್ಯಾವಳಿಯಲ್ಲಿ. ಮುಮ್ಮಡಿಯವರು ಅದನ್ನು ಕಾಣಲಿಲ್ಲ. ಆದರೂ ವೇಗವು ಅವಸರದಿಂದಲ್ಲ, ನಿಧಾನವಾಗಿ ಪಳಗಿದ ಪರಿಚಯದಿಂದ ಹುಟ್ಟುತ್ತದೆಂಬುದನ್ನು ಅವರ ರಚನೆಗಳೇ ಸಾರುತ್ತವೆ.

ಆದುದರಿಂದ, ಓದುಗ ಮಿತ್ರನೇ, ದಿನಕ್ಕೊಂದು ಬ್ಲಿಟ್ಜ್ ಆಟವನ್ನು ಕಡಿಮೆಮಾಡಿ, ಮಣೆಯ ಮೇಲೆ ಹುಣಿಸೆಬೀಜಗಳನ್ನಿಡುತ್ತ ಆ ತುರಗಗತಿಯೊಂದನ್ನು ಸಮಾಧಾನದಿಂದ ಪೂರ್ತಿಗೊಳಿಸಿ ನೋಡು.