ಕಾಜಿರಂಗ: ನೆರೆಬಯಲಿನ ಜೀವಲೋಕ

ಕಾಜಿರಂಗ ರಾಷ್ಟ್ರೀಯ ಉದ್ಯಾನವು ಅಸ್ಸಾಮಿನಲ್ಲಿ ಬ್ರಹ್ಮಪುತ್ರದ ದಕ್ಷಿಣ ದಂಡೆಯ ನೆರೆಬಯಲಿನಲ್ಲಿದೆ. ಅದರ ದಕ್ಷಿಣಕ್ಕೆ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳಿವೆ. 1908ರಲ್ಲಿ ಮೀಸಲು ಅರಣ್ಯವಾದ ಇದು 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ರಸಿದ್ಧಿ ಬಂದಿರುವುದು ಘೇಂಡಾಮೃಗದಿಂದಲಾದರೂ ಇಲ್ಲಿನ ಗಿಡಮರ, ಪ್ರಾಣಿಪಕ್ಷಿಗಳ ಬದುಕು ನಿಂತಿರುವುದು ಪ್ರವಾಹದ ಮೇಲೆ.

ಮುಂಗಾರಿನಲ್ಲಿ ನದಿ ಉಕ್ಕಿದರೆ ಉದ್ಯಾನದ ಬಹುಭಾಗ ಮುಳುಗುತ್ತದೆ. ನೀರು ಹೊಸ ಮೆಕ್ಕಲು ಹರಡುತ್ತದೆ, ‘ಬೀಲ್’ ಎಂಬ ಕೆರೆಗಳಿಗೆ ಮೀನು ತರುತ್ತದೆ, ಅಲ್ಲಿ ಕಟ್ಟಿಕೊಂಡ ಅಂತರಗಂಗೆ ಕಳೆಯನ್ನು ಕೊಚ್ಚಿ ಒಯ್ಯುತ್ತದೆ. ನೆರೆ ಬಾರದಿದ್ದರೆ ಹುಲ್ಲುಗಾವಲನ್ನು ಮರಗಳು ಮೆಲ್ಲನೆ ಆಕ್ರಮಿಸುತ್ತವೆ. ನೆರೆಯೊಂದೇ ಸಾಲದೆಂದು ಅರಣ್ಯ ಇಲಾಖೆ ಚಳಿಗಾಲದಲ್ಲಿ ಒಣಹುಲ್ಲನ್ನು ಸುಡಿಸುವುದೂ ಉಂಟು. ಕರಿಬೂದಿಯ ನಡುವೆ ಏಳುವ ಚಿಗುರಿಗೆ ಬಾರಸಿಂಗ, ಹಾಗ್ ಡಿಯರ್‌ಗಳು ಮುಗಿಬೀಳುತ್ತವೆ. ಆನೆಯೂ ಕಾಣದಷ್ಟು ಎತ್ತರದ ಹುಲ್ಲು, ಲಾಳಕಡ್ಡಿಯ ಮೆಳೆ ಇವೇ ಇಲ್ಲಿ ಪ್ರಧಾನ. ಮರಗಳಲ್ಲಿ ಬೂರುಗ, ಹೊಳೆದಾಸವಾಳ, ಬೆಟ್ಟಕಣಗಲು ಮುಖ್ಯವಾದವು. ಕೊನೆಯದರ ಕಾಯನ್ನು ಆನೆ ತಿನ್ನುತ್ತದೆ. ಅಸ್ಸಾಮಿನ ಅಡುಗೆಯಲ್ಲಿ ಹುಳಿಗೂ ಅದು ಬೇಕು.

2022ರ ಗಣತಿಯಲ್ಲಿ ಇಲ್ಲಿ 2,613 ಘೇಂಡಾಮೃಗಗಳಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಳಿದಿದ್ದವು ಬೆರಳೆಣಿಕೆಯಷ್ಟು. ಮುಂದಕ್ಕೆ ಚಾಚುವ ಮೇಲ್ದುಟಿಯಿಂದ ಅದು ಹುಲ್ಲಿನ ಹಿಡಿಯನ್ನು ಸುತ್ತಿ ಕೀಳುತ್ತದೆ. ದಿನದಿನವೂ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕಿ ಗುಡ್ಡೆ ಮಾಡುತ್ತದೆ. ಕೊಂಬಿಗಾಗಿ ಹೊಂಚುವ ಬೇಟೆಗಾರನಿಗೆ ಈ ಅಭ್ಯಾಸವೇ ಅನುಕೂಲವಾಗಿತ್ತು. ಜಗತ್ತಿನ ಕಾಡು ನೀರೆಮ್ಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿವೆ ಎಂದು ಅಂದಾಜು. ಇವು ಬಂಡೀಪುರದ ಕಾಟಿಗಳಲ್ಲ, ಸಾಕಿದ ಎಮ್ಮೆಯ ಮೂಲವಂಶದವು. ಹುಲಿ, ಆನೆ, ನೀರುನಾಯಿಗಳಲ್ಲದೆ ನದಿಯಲ್ಲಿ ಗಂಗಾ ಡಾಲ್ಫಿನ್, ಹುಲ್ಲಿನಲ್ಲಿ ಅಪರೂಪದ ಬೆಂಗಾಲ್ ಫ್ಲೋರಿಕನ್ ಹಕ್ಕಿ ಇವೆ. ಚಳಿಗಾಲಕ್ಕೆ ಬಾತುಗಳು ಬೀಲ್‌ಗಳಿಗೆ ವಲಸೆ ಬರುತ್ತವೆ.

ನೆರೆ ಏರಿದಾಗ ಪ್ರಾಣಿಗಳು ಬೆಟ್ಟದತ್ತ ಹೊರಡುತ್ತವೆ. ಹೋಗಲಾಗದೆ ಸಾಯುವವುಗಳಲ್ಲಿ ಹಾಗ್ ಡಿಯರ್‌ಗಳೇ ಹೆಚ್ಚು. ಒಳಗೆ ಮಣ್ಣಿನ ಎತ್ತರದ ದಿಬ್ಬಗಳನ್ನು ಕಟ್ಟಲಾಗಿದೆ. ಆದರೂ ಬೆಟ್ಟ ಸೇರಲು ರಾಷ್ಟ್ರೀಯ ಹೆದ್ದಾರಿ ದಾಟಲೇಬೇಕು. ಆ ದಿನಗಳಲ್ಲಿ ವಾಹನಗಳಿಗೆ ಹೊರಟ ಹೊತ್ತು ಬರೆದ ಚೀಟಿ ಕೊಡುತ್ತಾರೆ. ನಿಗದಿಗಿಂತ ಬೇಗ ಮುಂದಿನ ತಪಾಸಣೆ ಠಾಣೆ ತಲುಪಿದ ಚಾಲಕ ದಂಡ ತೆರಬೇಕು. ಹೆದ್ದಾರಿಯಾಚೆ ಚಹಾತೋಟ, ಹೋಟೆಲುಗಳು ಬೆಳೆದು ಬೆಟ್ಟ ಹತ್ತುವ ದಾರಿಗಳು ಕಿರಿದಾಗಿವೆ.