ಯಾಕಿತೋರಿ: ಒಂದು ಖಾದ್ಯದ ಚರಿತ್ರೆ

ಮಾಂಸದ ತುಣುಕುಗಳನ್ನು ಬಿದಿರುಕಡ್ಡಿಗೆ ಪೋಣಿಸಿ ಇದ್ದಿಲ ಕೆಂಡದ ಮೇಲೆ ಸುಡುವ ಜಪಾನೀ ಖಾದ್ಯಕ್ಕೆ ‘ಯಾಕಿತೋರಿ’ ಎಂದು ಹೆಸರು. ‘ಸುಟ್ಟ ಹಕ್ಕಿ’ ಎಂಬುದು ಇದರ ಶಬ್ದಾರ್ಥ. ಆಹಾರದ ಚರಿತ್ರೆಯನ್ನು ರಾಜಾಜ್ಞೆಗಳಿಂದಲೇ ತಿಳಿಯಹೊರಟರೆ ನಾವು ಎಷ್ಟು ಎಡವುತ್ತೇವೆಂಬುದಕ್ಕೆ ಈ ಸಾಮಾನ್ಯ ಖಾದ್ಯವೇ ನಿದರ್ಶನವಾಗಿದೆ.

ಕ್ರಿ. ಶ. 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದನು. 1872ರಲ್ಲಿ ಮೇಜಿ ಚಕ್ರವರ್ತಿಯು ಗೋಮಾಂಸವನ್ನು ಸೇವಿಸಿದ ವಾರ್ತೆ ಪ್ರಕಟವಾಯಿತು. ಇವೆರಡನ್ನು ಜೋಡಿಸಿ, ನಡುವಣ ಸುಮಾರು 1200 ವರ್ಷಗಳ ಕಾಲ ಜಪಾನೀಯರು ಮಾಂಸವನ್ನೇ ಮುಟ್ಟಲಿಲ್ಲವೆಂದು ಹೇಳುವುದುಂಟು. ಆದರೆ ಮೊದಲನೆಯ ಆಜ್ಞೆಯು ವರ್ಷದ ನಾಲ್ಕನೆಯ ತಿಂಗಳಿಂದ ಒಂಬತ್ತನೆಯ ತಿಂಗಳವರೆಗೆ ಮಾತ್ರ ಅನ್ವಯಿಸುತ್ತಿತ್ತು. ಜಿಂಕೆ, ಕಾಡುಹಂದಿಗಳು ಅದರಲ್ಲಿ ಸೇರಿರಲಿಲ್ಲ. 1643ರ ‘ರ್‍ಯೋರಿ ಮೊನೊಗತಾರಿ’ ಎಂಬ ಪಾಕಗ್ರಂಥವು ಕಾಡುಹಕ್ಕಿಗಳೊಡನೆ ಕೋಳಿಯನ್ನೂ ಹೆಸರಿಸುತ್ತದೆ. ಬೌದ್ಧಧರ್ಮದ ಪ್ರಭಾವದಿಂದ ಮಾಂಸಾಹಾರವು ಕುಗ್ಗಿತೆಂಬುದು ನಿಜ, ಅಳಿಯಿತೆಂಬುದು ನಿಜವಲ್ಲ.

ಇನ್ನು ಬೀದಿಯ ಸಾಕ್ಷ್ಯವನ್ನು ನೋಡೋಣ. ಟೋಕಿಯೋ ನಗರದ ಬಡವರ ಕೇರಿಗಳನ್ನು ಕುರಿತು ಮತ್ಸುಬಾರಾ ಇವಾಗೊರೋ 1893ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಯಾಕಿತೋರಿಯ ಪ್ರಸ್ತಾಪವಿದೆ. ಕೋಳಿಯ ಭೋಜನಶಾಲೆಗಳಿಂದ ಕೊಂಡು ತಂದ ಕರುಳು ಮುಂತಾದ ಒಳಾಂಗಗಳನ್ನೇ ಸುಟ್ಟು ಕೂಲಿಕಾರರಿಗೆ ಮಾರುತ್ತಿದ್ದರು. ಕಡ್ಡಿಯೊಂದಕ್ಕೆ ಬೆಲೆ ಮೂರರಿಂದ ಐದು ರಿನ್. ರಿನ್ ಎಂದರೆ ಯೆನ್ನಿನ ಸಾವಿರದ ಒಂದು ಭಾಗ. ಉಳ್ಳವರ ಅಡುಗೆಮನೆಯಲ್ಲಿ ಮಿಕ್ಕದ್ದು ದುಡಿಯುವವರಿಗೆ ಪುಷ್ಟಿಯ ಆಹಾರವಾಗಿತ್ತು.

ಎರಡನೆಯ ಮಹಾಯುದ್ಧದ ತರುವಾಯದ ಅಭಾವಕಾಲದಲ್ಲಿ ಹಂದಿಯ ಒಳಾಂಗಗಳೂ ಕಡ್ಡಿಯನ್ನೇರಿದವು. ಇಂದಿಗೂ ಹಿಗಾಶಿಮತ್ಸುಯಾಮಾದಲ್ಲಿ ಖಾರದ ಮಿಸೋ ಹಚ್ಚಿದ ಹಂದಿಮಾಂಸವನ್ನೂ, ಮುರೋರಾನ್‌ನಲ್ಲಿ ಈರುಳ್ಳಿ ಸಾಸಿವೆಗಳೊಡನೆ ಬಡಿಸುವ ಹಂದಿಮಾಂಸವನ್ನೂ ‘ಸುಟ್ಟ ಹಕ್ಕಿ’ ಎಂದೇ ಕರೆಯುತ್ತಾರೆ. 1960ರ ದಶಕದಲ್ಲಿ ಬ್ರಾಯ್ಲರ್ ಕೋಳಿಸಾಕಣೆ ಹಬ್ಬಿ ಕೋಳಿಯ ಮಾಂಸವು ಅಗ್ಗವಾದ ಮೇಲೆ ತೊಡೆಯ ಮಾಂಸವು ಎಲ್ಲರಿಗೂ ದೊರಕತೊಡಗಿತು. ಆದರೂ ಯಕೃತ್ತು, ಹೃದಯ, ಚರ್ಮಗಳು ಅಂಗಡಿಯ ಪಟ್ಟಿಯಿಂದ ಮರೆಯಾಗಲಿಲ್ಲ.

ಬಡಿಸುವ ಕ್ರಮದಲ್ಲಿಯೂ ಹಳೆಯ ಬೀದಿಯ ಗುರುತುಗಳನ್ನು ನಾವು ಕಾಣಬಹುದು. ಉಪ್ಪೋ, ಸೋಯಾ ಸಾಸ್ ಹಾಗೂ ಮಿರಿನ್ ಎಂಬ ಸಿಹಿಮದ್ಯಗಳಿಂದಾದ ‘ತಾರೆ’ ಎಂಬ ಗಟ್ಟಿರಸವೋ ಎಂದು ಗಿರಾಕಿಯನ್ನು ಕೇಳುತ್ತಾರೆ. ಕಡ್ಡಿಯಿಂದಲೇ ಕಚ್ಚಿ ತಿನ್ನುವುದು ರೂಢಿ. ಬರಿಯ ಕಡ್ಡಿಗಳನ್ನು ಮೇಜಿನ ಮೇಲಿನ ಕೊಳವೆಯಾಕಾರದ ಪಾತ್ರೆಯಲ್ಲಿ ಇಡುತ್ತಾರೆ. 1893ರಲ್ಲಿದ್ದಂತೆ ಇಂದೂ ಬೆಲೆಯು ಕಡ್ಡಿಯ ಲೆಕ್ಕದಲ್ಲಿಯೇ ಇದೆ.

ಏನನ್ನು ತಿನ್ನಬಾರದೆಂಬುದನ್ನು ಶಾಸನವು ತಿಳಿಸುತ್ತದೆ. ಜನರು ಏನನ್ನು ತಿಂದರೆಂಬುದನ್ನು ತಿಳಿಯಬೇಕಾದರೆ ನಾವು ಒಲೆಯ ಬಳಿಗೇ ಹೋಗಬೇಕಾಗುತ್ತದೆ.